ಲೆಕ್ಕ ಬರುತ್ತದೆ, ಸಮಸ್ಯೆ ಬಿಡಿಸಲು ಬರುತ್ತದೆಯೇ?

ಪ್ರಥಮ ಪಿಯುಸಿ ತರಗತಿ ಶುರುವಾದ ಮೊದಲ ವಾರದಲ್ಲಿ ನಾನು ಒಂದು ಪ್ರಶ್ನೆ ಕೇಳುವುದುಂಟು. "ಒಂದು ಹಡಗಿನಲ್ಲಿ 26 ಕುರಿ, 10 ಆಡುಗಳಿವೆ. ಹಡಗಿನ ಕಪ್ತಾನನ ವಯಸ್ಸೆಷ್ಟು?" ಕೆಲವರು ನಗುತ್ತಾರೆ, ಕೆಲವರು ಪೆನ್ನು ತೆಗೆಯುತ್ತಾರೆ. ಹಿಂದಿನ ಬೆಂಚಿನಿಂದ "36 ಸಾರ್" ಎಂಬ ಉತ್ತರ ಬಂದೇ ಬರುತ್ತದೆ.

ಪ್ರಶ್ನೆ ನನ್ನದಲ್ಲ. 1980ರ ಸುಮಾರಿಗೆ ಫ್ರಾನ್ಸಿನ ಗ್ರೆನೋಬಲ್‌ನಲ್ಲಿ ಗಣಿತ ಶಿಕ್ಷಣದ ಸಂಶೋಧಕರು ಇದನ್ನು ಪ್ರಾಥಮಿಕ ಶಾಲೆಯ 97 ಮಕ್ಕಳ ಮುಂದಿಟ್ಟಿದ್ದರು. ಅವರಲ್ಲಿ 76 ಮಕ್ಕಳು ಕೊಟ್ಟ ಸಂಖ್ಯೆಗಳನ್ನೇ ಹೇಗೋ ಸೇರಿಸಿ ಕಪ್ತಾನನ ವಯಸ್ಸು ಹೇಳಿಬಿಟ್ಟರು. ಆ ಮಕ್ಕಳು ದಡ್ಡರಲ್ಲ. ಪ್ರಶ್ನೆಯಲ್ಲಿ ಎರಡು ಸಂಖ್ಯೆ ಇದ್ದರೆ ಉತ್ತರ ಅವುಗಳಿಂದಲೇ ಬರಬೇಕು, ಉತ್ತರವಿಲ್ಲದ ಪ್ರಶ್ನೆಯನ್ನು ಮೇಷ್ಟ್ರು ಕೇಳುವುದಿಲ್ಲ ಎಂಬ ಪಾಠವನ್ನು ಶಾಲೆಯೇ ಅವರಿಗೆ ಕಲಿಸಿತ್ತು. ನಾವು ಇಲ್ಲಿ ಕಲಿಸುವುದೂ ಬಹುಮಟ್ಟಿಗೆ ಅದನ್ನೇ. ಪ್ರಶ್ನೆಪತ್ರಿಕೆಯಲ್ಲಿ ಬೇಕಾದ ಮಾಹಿತಿ ಅಷ್ಟೂ ಇರುತ್ತದೆ, ಬೇಡದ್ದು ಒಂದೂ ಇರುವುದಿಲ್ಲ. ಜೀವನದ ಪ್ರಶ್ನೆಗಳು ಹಾಗೆ ಬರುವುದಿಲ್ಲ.

1990ರ ದಶಕದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಶಾಲೆಗಳಲ್ಲಿ ಕಲಿಸಬೇಕಾದ ಹತ್ತು ಜೀವನ ಕೌಶಲಗಳನ್ನು ಹೆಸರಿಸಿತು. ಸಮಸ್ಯೆ ಪರಿಹರಿಸುವುದು ಮತ್ತು ನಿರ್ಧಾರ ತೆಗೆದುಕೊಳ್ಳುವುದು ಆ ಪಟ್ಟಿಯಲ್ಲಿ ಬೇರೆ ಬೇರೆಯಾಗಿಯೇ ಇವೆ. ಎರಡೂ ಒಂದೇ ಎಂದು ನಾವು ಮಾತಿನಲ್ಲಿ ಸೇರಿಸಿಬಿಡುತ್ತೇವೆ. ಅವು ಹೇಗೆ ಬೇರೆ ಎಂಬುದನ್ನು ಆಮೇಲೆ ನೋಡೋಣ. ಮೊದಲು ಸಮಸ್ಯೆಯ ಮಾತು.

ಹಂಗೇರಿ ಮೂಲದ ಗಣಿತಜ್ಞ ಜಾರ್ಜ್ ಪೋಲ್ಯ 1945ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಸಮಸ್ಯೆ ಬಿಡಿಸಲು ನಾಲ್ಕು ಹಂತಗಳನ್ನು ಹೇಳಿದ್ದಾರೆ: ಸಮಸ್ಯೆಯನ್ನು ಅರ್ಥಮಾಡಿಕೊಳ್ಳುವುದು, ಉಪಾಯ ಹೂಡುವುದು, ಅದನ್ನು ನಡೆಸುವುದು, ಕೊನೆಗೆ ಹಿಂದಿರುಗಿ ನೋಡುವುದು. ನಮ್ಮ ತರಗತಿಗಳಲ್ಲಿ ಮೂರನೆಯ ಹಂತವೊಂದೇ ನಡೆಯುತ್ತದೆ. ಮೊದಲನೆಯದನ್ನು ಪಠ್ಯಪುಸ್ತಕ ಮಾಡಿಕೊಡುತ್ತದೆ, ಎರಡನೆಯದನ್ನು ಅಧ್ಯಾಪಕರು ಕಪ್ಪುಹಲಗೆಯ ಮೇಲೆ ಬರೆಯುತ್ತಾರೆ, ನಾಲ್ಕನೆಯದಕ್ಕೆ ಹೊತ್ತೇ ಇಲ್ಲ, ಗಂಟೆ ಹೊಡೆದಿರುತ್ತದೆ.

ಮೊದಲ ಹಂತದ ಬೆಲೆ ತಿಳಿಯಲು ಉಡುಪಿಗಿಂತ ಒಳ್ಳೆಯ ಊರು ಸಿಗಲಾರದು. 1906ರ ಮಾರ್ಚ್ 12ರಂದು ಹಾಜಿ ಅಬ್ದುಲ್ಲಾ ಹಾಜಿ ಕಾಸಿಂ ಸಾಹೇಬ್ ಬಹಾದ್ದೂರರ ಮುಂದಾಳುತನದಲ್ಲಿ ಇಲ್ಲಿ ಒಂದು ಬ್ಯಾಂಕ್ ಹುಟ್ಟಿತು. ಮೂಲ ಬಂಡವಾಳ 5,000 ರೂಪಾಯಿ. ಮೊದಲ ದಿನದ ಸಂಗ್ರಹ 38 ರೂಪಾಯಿ 13 ಆಣೆ 2 ಪೈ. ಅದೇ ಮುಂದೆ ಕಾರ್ಪೊರೇಷನ್ ಬ್ಯಾಂಕ್ ಆಯಿತು. ಸಾಲ ಬೇಕಾದವನು ಬಡ್ಡಿ ವ್ಯಾಪಾರಿಯ ಮನೆ ಬಾಗಿಲಿಗೇ ಹೋಗಬೇಕಿದ್ದ ಕಾಲ ಅದು. 1925ರಲ್ಲಿ ಇದೇ ಊರಿನಲ್ಲಿ ಉಪೇಂದ್ರ ಅನಂತ ಪೈ, ವಾಮನ ಕುಡ್ವ ಮತ್ತು ಡಾ. ಟಿ.ಎಂ.ಎ. ಪೈ ಸೇರಿ 8,000 ರೂಪಾಯಿ ಬಂಡವಾಳದಲ್ಲಿ ಇನ್ನೊಂದು ಸಂಸ್ಥೆ ಕಟ್ಟಿದರು. ಕೈಮಗ್ಗದ ನೇಕಾರರು ಸಂಕಷ್ಟದಲ್ಲಿದ್ದರು, ಅವರಿಗೆ ನೆರವಾಗಬೇಕಿತ್ತು. ಮುಂದೆ ಸಿಂಡಿಕೇಟ್ ಬ್ಯಾಂಕ್ ಆದದ್ದು ಅದೇ. (ಎರಡೂ ಹೆಸರುಗಳು 2020ರ ಏಪ್ರಿಲ್ 1ರಂದು ಒಂದೇ ದಿನ ಇಲ್ಲವಾದವು. ಒಂದು ಯೂನಿಯನ್ ಬ್ಯಾಂಕಿನಲ್ಲಿ, ಇನ್ನೊಂದು ಕೆನರಾ ಬ್ಯಾಂಕಿನಲ್ಲಿ ವಿಲೀನ.)

ನೇಕಾರರು, ಕೂಲಿಕಾರರು, ಸಣ್ಣ ಅಂಗಡಿಯವರು ಬ್ಯಾಂಕಿಗೆ ಬರುತ್ತಿರಲಿಲ್ಲ. ಇದನ್ನು "ಬಡವರಲ್ಲಿ ಉಳಿತಾಯದ ಅಭ್ಯಾಸವಿಲ್ಲ" ಎಂದು ಅರ್ಥಮಾಡಿಕೊಂಡಿದ್ದರೆ ಪರಿಹಾರ ಏನಾಗುತ್ತಿತ್ತು? ಒಂದು ಭಾಷಣ, ಒಂದಷ್ಟು ಕರಪತ್ರ. ಆದರೆ ಅವರ ದಿನವನ್ನೊಮ್ಮೆ ನೋಡಿ. ಸಂಪಾದನೆ ದಿನದಿನದ್ದು, ಉಳಿಯುವುದು ಕೆಲವು ಕಾಸು. ಬ್ಯಾಂಕು ತೆರೆದಿರುವ ಹೊತ್ತು ಅವರ ದುಡಿಮೆಯ ಹೊತ್ತು. ಎರಡಾಣೆ ಕಟ್ಟಲು ಅರ್ಧ ದಿನದ ಕೂಲಿ ಬಿಟ್ಟು ಯಾರು ಬರುತ್ತಾರೆ? ಅವರ ತೊಂದರೆ ಮನಸ್ಸಿನದಲ್ಲ, ದೂರ ಮತ್ತು ಸಮಯದ್ದು. ಹಾಗೆ ನೋಡಿದ ಮೇಲೆ ಉಪಾಯ ತಾನಾಗಿ ಹೊಳೆಯುತ್ತದೆ: ಬ್ಯಾಂಕೇ ಅವರಲ್ಲಿಗೆ ಹೋಗಲಿ. 1928ರಲ್ಲಿ ಆರಂಭವಾದ ಪಿಗ್ಮಿ ಯೋಜನೆ ಅದೇ. ಏಜೆಂಟರು ದಿನಾ ಮನೆ, ಅಂಗಡಿಗಳಿಗೆ ಹೋಗಿ ಎರಡಾಣೆಯಷ್ಟು ಸಣ್ಣ ಮೊತ್ತವನ್ನೂ ಸಂಗ್ರಹಿಸಿ ತರುತ್ತಿದ್ದರು. ರೂಪಾಯಿಗೆ 16 ಆಣೆ. ದಿನಕ್ಕೆ ಎರಡಾಣೆ ಎಂದರೆ 30 ದಿನಕ್ಕೆ 3 ರೂಪಾಯಿ 12 ಆಣೆ. ಇಂದಿಗೂ ಕಾರ್ಕಳದ ಪೇಟೆಯಲ್ಲಿ "ಪಿಗ್ಮಿಯವರು ಬಂದರು" ಎಂದರೆ ಅರ್ಥ ಹೇಳಬೇಕಾಗಿಲ್ಲ.

ವಾಣಿಜ್ಯ ವಿಭಾಗದಲ್ಲಿ ಇದನ್ನು ಎರಡು ಅಂಕದ ಟಿಪ್ಪಣಿಯಾಗಿ ಓದಿಸಿ ಮುಗಿಸಬಹುದು. ಇಲ್ಲವೇ ಉತ್ತರ ಹೇಳದೆ ಸಮಸ್ಯೆಯನ್ನಷ್ಟೇ ಕೊಟ್ಟು ನಾಲ್ಕು ನಾಲ್ಕು ಜನರ ಗುಂಪು ಮಾಡಿ ಕೂರಿಸಬಹುದು. ಪಿಗ್ಮಿಯ ತನಕ ಬಂದವರಿಗೆ ಹಿಂದಿರುಗಿ ನೋಡುವ ಪ್ರಶ್ನೆ ಕೊಡಬೇಕು: ಏಜೆಂಟ್ ತಂದ ಹಣ ಪೂರ್ತಿ ಬ್ಯಾಂಕಿಗೆ ಸೇರಿತೇ ಎಂದು ಖಾತೆದಾರನಿಗೆ ತಿಳಿಯುವುದು ಹೇಗೆ? ಸಂಗ್ರಹದ ಖರ್ಚು ಯಾರು ಭರಿಸುತ್ತಾರೆ? ಒಂದು ಪೀರಿಯಡ್ ಸಾಲದು, ಇದಕ್ಕೆ ಎರಡು ಬೇಕು.

ಇನ್ನು ನಿರ್ಧಾರ. ಸಮಸ್ಯೆಗೆ ಕಂಡುಕೊಂಡ ಉತ್ತರ ಸರಿಯೇ ಎಂದು ಪರೀಕ್ಷಿಸಿ ನೋಡಬಹುದು. ನಿರ್ಧಾರವನ್ನು ಫಲ ತಿಳಿಯುವ ಮೊದಲೇ ತೆಗೆದುಕೊಳ್ಳಬೇಕು. ಹವಾಮಾನ ಇಲಾಖೆಯ ಎಚ್ಚರಿಕೆ ಕೇಳಿ ಮಲ್ಪೆಯ ಬೋಟೊಂದು ದಡಕ್ಕೆ ಮರಳಿತು, ಗಾಳಿ ಬರಲೇ ಇಲ್ಲ, ಒಂದು ದಿನದ ದುಡಿಮೆ ಹೋಯಿತು ಎಂದಿಟ್ಟುಕೊಳ್ಳಿ. ನಿರ್ಧಾರ ತಪ್ಪೇ? ಅಲ್ಲ. ಆ ಹೊತ್ತಿನಲ್ಲಿ ಕೈಯಲ್ಲಿದ್ದ ಮಾಹಿತಿಗೆ ಅದೇ ಸರಿಯಾದದ್ದು. ನಿರ್ಧಾರವನ್ನು ಫಲದಿಂದಲ್ಲ, ಕಾರಣದಿಂದ ತೂಗುವುದನ್ನು ನಾವು ಮಕ್ಕಳಿಗೆ ಕಲಿಸಿದ್ದು ಕಡಿಮೆ. ಮನೆಯಲ್ಲೂ ಅಷ್ಟೇ, ಮಾರ್ಕ್ಸ್ ಬಂದರೆ "ಸೈನ್ಸ್ ತೆಗೆದದ್ದು ಒಳ್ಳೆಯದಾಯಿತು", ಬಾರದಿದ್ದರೆ "ಆಗಲೇ ಹೇಳಿದ್ದೆವು".

ದ್ವಿತೀಯ ಪಿಯುಸಿಯವರು ಮಾಡಬೇಕಾದ ದೊಡ್ಡ ನಿರ್ಧಾರಗಳಲ್ಲೊಂದು ಸಿಇಟಿಯ ಆಪ್ಷನ್ ಎಂಟ್ರಿ. ಅಚ್ಚರಿಯೆಂದರೆ, ಎರಡು ವರ್ಷ ಪರೀಕ್ಷೆಗೆ ತಯಾರಿ ಮಾಡುವ ನಾವು ಇದಕ್ಕೆ ಎರಡು ಗಂಟೆಯನ್ನೂ ಕೊಡುವುದಿಲ್ಲ. ಪಟ್ಟಿಯನ್ನು ಸೈಬರ್ ಸೆಂಟರಿನವರು ತುಂಬುತ್ತಾರೆ, ಇಲ್ಲವೇ ದುಬೈಯಲ್ಲಿರುವ ಮಾವ ವಾಟ್ಸ್ಆ್ಯಪ್‌ನಲ್ಲಿ ಕಳಿಸುತ್ತಾರೆ.

ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಸೀಟು ಹಂಚಿಕೆ ನಡೆಯುವ ರೀತಿ ಸರಳ. ರ‍್ಯಾಂಕ್ ಪ್ರಕಾರ ಒಬ್ಬೊಬ್ಬರ ಸರದಿ ಬರುತ್ತದೆ. ನಿಮ್ಮ ಸರದಿ ಬಂದಾಗ ನಿಮ್ಮ ಪಟ್ಟಿಯನ್ನು ಮೇಲಿನಿಂದ ಕೆಳಗೆ ನೋಡುತ್ತಾ ಹೋಗಿ, ಖಾಲಿ ಇರುವ ಮೊದಲ ಸೀಟನ್ನು ನಿಮಗೆ ಕೊಡಲಾಗುತ್ತದೆ. ಮೊದಲನೆಯದು ಸಿಗದಿದ್ದರೆ ಎರಡನೆಯದನ್ನು ನೋಡುತ್ತಾರೆ, ಮೊದಲನೆಯದನ್ನು ಕೇಳಿದ್ದಕ್ಕೆ ಯಾವ ದಂಡವೂ ಇಲ್ಲ. ಆದ್ದರಿಂದ ನಿಮಗೆ ನಿಜವಾಗಿ ಬೇಕಾದ ಕ್ರಮದಲ್ಲೇ ಬರೆಯಬೇಕು. "ಇದು ಖಂಡಿತ ಸಿಗುತ್ತದೆ" ಎಂದು ಕಡಿಮೆ ಇಷ್ಟದ್ದನ್ನು ಮೇಲೆ ಹಾಕಿದರೆ ಅದೇ ಸಿಗುತ್ತದೆ, ಕೆಳಗಿರುವ ಹೆಚ್ಚು ಇಷ್ಟದ್ದನ್ನು ಯಾರೂ ನೋಡುವುದೇ ಇಲ್ಲ. ಹಾಗೆಯೇ, ಸಿಕ್ಕರೂ ಹೋಗಲಾರದ ಕಾಲೇಜನ್ನು ಪಟ್ಟಿಯಲ್ಲಿ ಬರೆಯಬಾರದು. ಶುಲ್ಕ, ಹಾಸ್ಟೆಲು, ಬಸ್ಸು, ಮನೆಯವರ ಒಪ್ಪಿಗೆ ಇವೆಲ್ಲದರ ಮಾತು ಪಟ್ಟಿ ಬರೆಯುವ ಮೊದಲೇ ಆಗಬೇಕು, ಸೀಟು ಸಿಕ್ಕ ಮೇಲಲ್ಲ.

ಸೀಟು ಸಿಕ್ಕ ಮೇಲೆ ನಾಲ್ಕು ಛಾಯ್ಸ್‌ಗಳು. ಒಂದು: ಒಪ್ಪಿದೆ, ಸೇರುತ್ತೇನೆ. ಎರಡು: ಇದು ಇರಲಿ, ಇದಕ್ಕಿಂತ ಮೇಲಿನದು ಸಿಕ್ಕರೆ ಅದನ್ನು ಕೊಡಿ, ಮೇಲಿನದು ಸಿಕ್ಕಿದರೆ ಹಳೆಯದು ತಾನಾಗಿ ಹೋಗುತ್ತದೆ. ಮೂರು: ಇದು ಬೇಡ, ಮುಂದಿನ ಸುತ್ತಿಗೆ ಕಾಯುತ್ತೇನೆ, ಇಲ್ಲಿ ಕೈಯಲ್ಲಿರುವುದನ್ನು ಬಿಟ್ಟುಕೊಟ್ಟು ಕಾಯಬೇಕು. ನಾಲ್ಕು: ನನಗೆ ಏನೂ ಬೇಡ, ಹೊರಡುತ್ತೇನೆ. ಎರಡಕ್ಕೂ ಮೂರಕ್ಕೂ ಇರುವ ವ್ಯತ್ಯಾಸ ತಿಳಿಯದೆ ಕಣ್ಣೀರು ಹಾಕಿದವರನ್ನು ನಾನು ನೋಡಿದ್ದೇನೆ.

ಹಿಂದಿನ ಒಂದು ಬ್ಯಾಚಿನಲ್ಲಿ ಕಾಪು ಕಡೆಯ ಒಬ್ಬಳು ಅಣಕು ಸೀಟು ಹಂಚಿಕೆಯ ಫಲಿತಾಂಶ ಹಿಡಿದುಕೊಂಡು ಬಂದು "ಸಿಕ್ಕಿತು ಸಾರ್" ಎಂದಳು. ಮುಖದಲ್ಲಿ ಸಂತೋಷ ಕಾಣಲಿಲ್ಲ. ಪಟ್ಟಿ ತರಿಸಿ ನೋಡಿದರೆ, ಅವಳಿಗೆ ಬೇಕಾದ ಕೋರ್ಸು ಐದನೆಯ ಸಾಲಿನಲ್ಲಿತ್ತು. "ಮೇಲೆ ಹಾಕಿದರೆ ವೇಸ್ಟ್ ಆಗ್ತದೆ ಅಂತ ಎಲ್ಲರೂ ಹೇಳಿದ್ರು." ಅಣಕು ಹಂಚಿಕೆ ಇರುವುದೇ ಇದಕ್ಕೆ, ಆಮೇಲೂ ಪಟ್ಟಿ ಬದಲಿಸಲು ಅವಕಾಶ ಕೊಡುತ್ತಾರೆ. ಅವಳು ಅಂದು ಸಂಜೆ ತಂದೆಯನ್ನೂ ಕರೆದುಕೊಂಡು ಬಂದಳು. ಸ್ಟಾಫ್ ರೂಮಿನ ಮೇಜಿನ ಮೇಲೆ ಒಂದು ಕಾಗದದಲ್ಲಿ ಕಾಲೇಜು, ಶುಲ್ಕ, ದೂರ ಎಂದು ಗೆರೆ ಎಳೆದು ಬರೆದೆವು. ಪ್ರತಿ ಸಾಲಿನ ಪಕ್ಕ "ಏಕೆ?" ಎಂಬ ಒಂದು ಕಾಲಂ. ಎರಡು ಸಾಲುಗಳಿಗೆ ಅವಳಲ್ಲೂ ತಂದೆಯಲ್ಲೂ ಕಾರಣವೇ ಇರಲಿಲ್ಲ, ಅವನ್ನು ಹೊಡೆದುಹಾಕಿದೆವು. ಉಳಿದವುಗಳಲ್ಲಿ ಬೇಕಾದ ಕೋರ್ಸು ಮೊದಲ ಸಾಲಿಗೆ ಬಂತು. ಮೊದಲ ಸುತ್ತಿನಲ್ಲಿ ಮೂರನೆಯ ಸಾಲಿನದು ಸಿಕ್ಕಿತು, ಎರಡನೆಯ ಛಾಯ್ಸ್ ಒತ್ತಿದಳು. ಮುಂದಿನ ಸುತ್ತಿನಲ್ಲಿ ಎರಡನೆಯ ಸಾಲಿನದು.

ಈ ವರ್ಷ ದ್ವಿತೀಯ ಪಿಯುಸಿಯ ಎಲ್ಲರೂ ಡಿಸೆಂಬರ್ ಒಳಗೆ ಇಂಥದೇ ಒಂದು ಕಾಗದ ಬರೆದು ತರಬೇಕೆಂದು ನನ್ನ ಕೋರಿಕೆ. ಪ್ರಾಧಿಕಾರ ಹಿಂದಿನ ವರ್ಷಗಳ ಕೊನೆಯ ರ‍್ಯಾಂಕ್‌ಗಳನ್ನು ಪ್ರಕಟಿಸುತ್ತದೆ. ಅವನ್ನು ಇಟ್ಟುಕೊಂಡು ತರಗತಿಯಲ್ಲೇ ಒಂದು ಹಂಚಿಕೆ ಆಡಿ ನೋಡಬಹುದು. ಹತ್ತು ಸಾಲಾದರೂ ಇರಲಿ, "ಏಕೆ?" ಎಂಬ ಕಾಲಂ ಖಾಲಿ ಬಿಡಬೇಡಿ. ಅದನ್ನು ಮಾವನ ಕೈಯಲ್ಲಿ ಬರೆಸಿಕೊಂಡು ಬರುವುದೂ ಬೇಡ.