ಸರ್ವರ್ ಸಮೂಹದಲ್ಲಿ ಸದಸ್ಯತ್ವ ನಿರ್ಣಯ

ಮೈಸೂರಿನ ಕೆಸರೆಯಲ್ಲಿ ಹೊಲವೋ ನಿವೇಶನವೋ ಕ್ರಯವಾದಾಗ ಪತ್ರದಲ್ಲಿ ಊರಿನ ಹೆಸರನ್ನಷ್ಟೇ ಬರೆದು ಬಿಡುವುದಿಲ್ಲ. ಕಸಬಾ ಹೋಬಳಿ, ಮೈಸೂರು ತಾಲ್ಲೂಕು ಎಂದು ಕಾಣಿಸಿ, ಸರ್ವೆ ನಂಬರು ಹೇಳಿ, ಪೂರ್ವಕ್ಕೆ ಯಾರ ಸ್ವತ್ತು, ಪಶ್ಚಿಮಕ್ಕೆ ಯಾವ ರಸ್ತೆ ಎಂದು ಚಕ್ಕುಬಂದಿಯನ್ನೂ ಕೊಡುವುದು ರೂಢಿ. ಸ್ವತ್ತಿನ ಗುರುತಿಗೆ ನೆರೆಯೇ ಸಾಕ್ಷಿ. ಶಾಸನಗಳ ಛಾಯಾಪ್ರತಿಗಳೂ ಹಳೆಯ ಕಡತಗಳೂ ಸರ್ವರುಗಳಲ್ಲಿ ನೆಲೆಸತೊಡಗಿರುವ ಈ ಕಾಲದಲ್ಲಿ ಅಂತಹ ಸಾಕ್ಷ್ಯವು ಯಂತ್ರಗಳಿಗೂ ಅವಶ್ಯವೆಂಬುದನ್ನು ಚರಿತ್ರೆಯ ಅಭ್ಯಾಸಿಗಳಾದ ನಾವೂ ತಿಳಿದಿರತಕ್ಕದ್ದು.

ಒಂದೇ ದತ್ತಾಂಶವನ್ನು ಹಲವು ಸರ್ವರುಗಳಲ್ಲಿರಿಸಿ, ಅವು ಪರಸ್ಪರ ಒಪ್ಪಿ ನಡೆಯುವಂತೆ ಮಾಡಿದರೆ ಅದಕ್ಕೆ ಸಮೂಹ ಅಥವಾ ಕ್ಲಸ್ಟರ್ ಎನ್ನುವರು. ಅದರ ಆಡಳಿತಕ್ಕಾಗಿ ಬರೆದಿಟ್ಟ ಆಜ್ಞಾವಳಿಯೇ ಸ್ಕ್ರಿಪ್ಟು. ಅದು ಹೇಳಿದ್ದನ್ನು ಮಾಡುವುದೇ ಹೊರತು, ತಾನು ಯಾವ ಯಂತ್ರದಲ್ಲಿ ನಿಂತಿರುವೆನೆಂದು ತಾನಾಗಿ ವಿಚಾರಿಸದು. ಕೈಯಿಂದ ಆಜ್ಞೆ ಕೊಡುವವರಿಗೂ ಈ ಅಪಾಯ ತಪ್ಪಿದ್ದಲ್ಲ. 2017ರ ಜನವರಿ 31ರಂದು ಗಿಟ್‌ಲ್ಯಾಬ್ ಸಂಸ್ಥೆಯ ಎಂಜಿನಿಯರೊಬ್ಬರು ಪ್ರತಿಗಾಗಿ ಇದ್ದ ಎರಡನೆಯ ಸರ್ವರಿನ ದತ್ತಾಂಶವನ್ನು ಅಳಿಸಹೊರಟು ಮೂಲ ಸರ್ವರಿನದನ್ನೇ ಅಳಿಸಿದರು. ಎರಡರ ಹೆಸರುಗಳಿಗೂ ಇದ್ದ ಭೇದ ಒಂದು ಅಂಕೆ ಮಾತ್ರ. ಕೂಡಲೇ ಎಚ್ಚತ್ತು ನಿಲ್ಲಿಸಿದರೂ ಸುಮಾರು 300 ಗಿಗಾಬೈಟಿನಲ್ಲಿ 4.5ರಷ್ಟೇ ಉಳಿದಿತ್ತು, ಸುಮಾರು 6 ಗಂಟೆಗಳ ದಾಖಲೆಗಳು ಮರಳಿ ಬರಲೇ ಇಲ್ಲ.

ಆದುದರಿಂದ ಸ್ಕ್ರಿಪ್ಟು ಮೊದಲು ಮಾಡಬೇಕಾದುದು ಸದಸ್ಯತ್ವದ ಪರಿಶೀಲನೆ. ಸರ್ವರು ತನ್ನ ಹೆಸರನ್ನು ತಾನೇ ಹೇಳಿಕೊಳ್ಳುವುದು ತಾಮ್ರಪಟವು ತನ್ನ ಕಾಲವನ್ನು ತಾನೇ ಹೇಳಿಕೊಂಡಂತೆ. ಜೆ. ಎಫ್. ಫ್ಲೀಟರು ಗಂಗರ ಎಷ್ಟೋ ತಾಮ್ರಪಟಗಳನ್ನು ಕೂಟವೆಂದು ತಳ್ಳಿದ್ದನ್ನು ಬಲ್ಲ ನಮಗೆ ಇಷ್ಟು ಸಂಶಯ ಸಹಜವಾದುದೇ. ಸಮೂಹದ ಗುರುತಿನ ಸಂಖ್ಯೆಯನ್ನೂ ಸದಸ್ಯರ ಪಟ್ಟಿಯನ್ನೂ ಉಳಿದ ಸರ್ವರುಗಳಿಂದ ಕೇಳಿ ಪಡೆದು, ಬಹುಮತದ ಪಟ್ಟಿಯಲ್ಲಿ ಇದರ ಹೆಸರೂ ಪಾತ್ರವೂ ಸರಿಯಾಗಿ ಕಂಡುಬಂದರೆ ಮಾತ್ರ ಮುಂದುವರಿಯಬೇಕು. ಇಲ್ಲವಾದರೆ ಏನನ್ನೂ ಮುಟ್ಟದೆ ನಿಲ್ಲಬೇಕು. ಉತ್ತರ ಬಾರದಿರುವುದನ್ನು ಒಪ್ಪಿಗೆಯೆಂದು ಎಣಿಸಲಾಗದು.

ಬಹುಮತದ ಲೆಕ್ಕದಲ್ಲಿ ಸೂಕ್ಷ್ಮವೊಂದುಂಟು. ಎಟ್‌ಸಿಡಿ ಎಂಬ ವ್ಯವಸ್ಥೆಯನ್ನು ತೆಗೆದುಕೊಳ್ಳೋಣ. 3 ಸದಸ್ಯರಿದ್ದಲ್ಲಿ ಬಹುಮತ 2. ಅವುಗಳಲ್ಲಿ ಒಂದು ಕೆಟ್ಟಿರುವಾಗ ಅದನ್ನು ಪಟ್ಟಿಯಲ್ಲಿ ಉಳಿಸಿಕೊಂಡೇ ಹೊಸದನ್ನು ಸೇರಿಸಿದರೆ ಸದಸ್ಯರು 4 ಆಗಿ ಬಹುಮತವು 3ಕ್ಕೆ ಏರುವುದು. ಹೊಸ ಸರ್ವರಿನ ವಿಳಾಸ ತಪ್ಪಾಗಿದ್ದು ಅದು ಕೂಡಿಕೊಳ್ಳದೆ ಹೋದರೆ ದುಡಿಯುತ್ತಿರುವವು 2 ಮಾತ್ರ. ಸಮೂಹವು ಬರವಣಿಗೆಯನ್ನು ಸ್ವೀಕರಿಸದೆ ನಿಂತುಹೋಗುವುದು. ಆ ತಪ್ಪು ಹೆಸರನ್ನು ತೆಗೆಯುವುದಕ್ಕೂ ಬಹುಮತವೇ ಬೇಕಷ್ಟೆ! ಹೀಗಿರುವುದರಿಂದ ಸ್ಕ್ರಿಪ್ಟು ಕೆಟ್ಟ ಸದಸ್ಯನನ್ನು ಮೊದಲು ತೆಗೆದು, ಪಟ್ಟಿಯನ್ನು ಮತ್ತೊಮ್ಮೆ ಓದಿ, ಅನಂತರವೇ ಹೊಸದನ್ನು ಸೇರಿಸತಕ್ಕದ್ದು.