ಬೆನ್ನುಹುರಿಗೆ ಪೆಟ್ಟಾದಾಗ: ಹೊಲ ಮಾರುವ ಮುನ್ನ ಒಂದು ಮಾತು



ನಮ್ಮ ಕೆ.ಟಿ. ದೊಡ್ಡಿ ಕಡೆಯ ಒಕ್ಕಲುತನದಲ್ಲಿ ಬೆನ್ನಿಗೆ ಅಪಾಯ ತಪ್ಪಿದ್ದಲ್ಲ. ಆಡಿಗೆ ಸೊಪ್ಪು ಕಡಿಯಲು ಬೇವಿನ ಮರ ಹತ್ತಿದವರು ಜಾರುತ್ತಾರೆ. ಹತ್ತಿ ಹೇರಿದ ಟ್ರ್ಯಾಕ್ಟರಿನ ಮೇಲೆ ಕುಳಿತವರು ಉರುಳುತ್ತಾರೆ. ಬಣವೆ, ಮಾಳಿಗೆ, ಬಾವಿ, ರಾತ್ರಿಯ ಬೈಕು, ಎಲ್ಲಿಂದ ಬಿದ್ದರೂ ಬಿದ್ದದ್ದೇ. ದುಡಿಯುವ ಆಳು ಒಂದು ಕ್ಷಣದಲ್ಲಿ ಸೊಂಟದ ಕೆಳಗೆ ಸ್ವಾಧೀನ ಕಳೆದುಕೊಂಡು ಮಂಚ ಹಿಡಿಯುತ್ತಾನೆ. ಅಂಥ ಮನೆಗಳಲ್ಲಿ ನಮಗೆ ಎದುರಾಗುವ ಪ್ರಶ್ನೆ ಒಂದೇ: “ಫಾದರ್, ಯಾವುದೋ ಇಂಜೆಕ್ಷನ್ ಹಾಕಿಸಿದ್ರ ಹುಡುಗ ಎದ್ದು ನಡೀತಾನಂತ. ಎರಡು ಎಕರೆ ಮಾರೂನೇನ್ರೀ?” ಇದಕ್ಕೆ ತಿಳಿದು ಉತ್ತರ ಕೊಡುವುದು ಅಗತ್ಯ.

ಬೆನ್ನುಹುರಿಯ ಕೆಲಸ

ಬೋರ್‌ವೆಲ್ಲಿನ ಮೋಟಾರ್ ಸರಿಯಿದ್ದರೂ ಕೇಬಲ್ ಕೆಟ್ಟರೆ ನೀರು ಬರುವುದಿಲ್ಲ. ಬೆನ್ನುಹುರಿಯೂ ಹಾಗೆಯೇ. ಮೆದುಳಿನ ಅಪ್ಪಣೆ ಕಾಲಿಗೆ ಹೋಗುವುದು, ಕಾಲಿನ ನೋವು ಮೆದುಳಿಗೆ ತಿಳಿಯುವುದು, ಮಲಮೂತ್ರದ ಹಿಡಿತ, ಎಲ್ಲವೂ ಅದರ ಮೂಲಕವೇ. ಕೈಕಾಲಿನ ನರ ಕಡಿದರೆ ನಿಧಾನವಾಗಿ ಬೆಳೆಯಬಲ್ಲದು. ಬೆನ್ನುಹುರಿಯ ಒಳಗಿನ ನರತಂತುಗಳು ಹಾಗೆ ಬೆಳೆದು ಮತ್ತೆ ಕೂಡಿಕೊಳ್ಳುವುದಿಲ್ಲ. ಆದರೆ ಎಷ್ಟೋ ಸಲ ಹುರಿ ಪೂರ್ತಿ ತುಂಡಾಗದೆ ಜಜ್ಜಿರುತ್ತದೆ, ಕೆಲವು ಎಳೆಗಳು ಉಳಿದಿರುತ್ತವೆ. ಆದ್ದರಿಂದಲೇ ಬಿದ್ದವರನ್ನು ಎತ್ತಿ ಕೂರಿಸಬಾರದು, ಬೈಕಿನಲ್ಲಿ ನಡುವೆ ಕೂರಿಸಿ ಒಯ್ಯಬಾರದು. ತಲೆ, ಕುತ್ತಿಗೆ, ಬೆನ್ನು ಒಂದೇ ಸಾಲಿನಲ್ಲಿರುವಂತೆ ನಾಲ್ಕೈದು ಜನ ಒಟ್ಟಿಗೆ ಹಿಡಿದು ಬಾಗಿಲ ಹಲಗೆಯಂಥ ಗಟ್ಟಿ ಹಲಗೆಯ ಮೇಲೆ ಮಲಗಿಸಿ, 108ಕ್ಕೆ ಕರೆ ಮಾಡಬೇಕು.

ಸಂಶೋಧನೆ ಎಲ್ಲಿಗೆ ಬಂದಿದೆ?

ಕೆಟ್ಟ ಹುರಿಯನ್ನು ಮೊದಲಿನಂತೆ ಮಾಡುವ ಮದ್ದು ಜಗತ್ತಿನಲ್ಲಿ ಇನ್ನೂ ಇಲ್ಲ. ಸ್ಟೆಮ್ ಸೆಲ್ ಕುರಿತು ಹಲವು ದೇಶಗಳಲ್ಲಿ ಪ್ರಯೋಗ ನಡೆದಿದೆ, ಖಚಿತ ಗುಣ ಸಿದ್ಧವಾಗಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯ ಪ್ರಕಾರ ಬೆನ್ನುಹುರಿ ರೋಗಿಗೆ ಇದನ್ನು ಅನುಮತಿ ಪಡೆದ ಪ್ರಯೋಗದಲ್ಲಿ ಮಾತ್ರ ಕೊಡಬಹುದು. ಪ್ರಯೋಗಕ್ಕೆ ಒಳಪಡುವ ರೋಗಿಯಿಂದ ಅದರ ಹಣ ಕೇಳುವಂತಿಲ್ಲ. ಯಾರಾದರೂ ಲಕ್ಷಗಟ್ಟಲೆ ಕೇಳಿದರೆ ನೀವು ಒಂದೇ ಮಾತು ಕೇಳಿ: “ಕ್ಲಿನಿಕಲ್ ಟ್ರಯಲ್ಸ್ ರಿಜಿಸ್ಟ್ರಿ ಆಫ್ ಇಂಡಿಯಾದಲ್ಲಿ ಇದರ ನೋಂದಣಿ ಸಂಖ್ಯೆ ಎಷ್ಟು?” ಉತ್ತರ ಬರದಿದ್ದರೆ ಎದ್ದು ಬನ್ನಿ.

ನಿಜವಾದ ಆಸೆ ಮೂಡಿಸುವ ಕೆಲಸವೂ ನಡೆದಿದೆ. ಕುತ್ತಿಗೆಯ ಭಾಗದಲ್ಲಿ ಹುರಿಗೆ ಪೆಟ್ಟಾಗಿದ್ದ 60 ಜನರಿಗೆ ಚರ್ಮದ ಮೇಲಿಂದಲೇ ಸಣ್ಣ ವಿದ್ಯುತ್ ಕೊಟ್ಟು ಕೈಗಳ ವ್ಯಾಯಾಮ ಮಾಡಿಸಿದ ಪರೀಕ್ಷೆಯ ಫಲ 2024ರಲ್ಲಿ ಪ್ರಕಟವಾಯಿತು. ಶೇ. 72ರಷ್ಟು ಜನರಲ್ಲಿ ಕೈಯ ಬಲವೂ ಬಳಕೆಯೂ ಸುಧಾರಿಸಿತ್ತು. ಅದೇ ವರ್ಷ ಡಿಸೆಂಬರಿನಲ್ಲಿ ಅಮೆರಿಕ ಈ ಉಪಕರಣಕ್ಕೆ ಅನುಮತಿ ನೀಡಿತು. ಆದರೆ ಇದು ಉಳಿದ ಎಳೆಗಳನ್ನು ಎಚ್ಚರಿಸುವ ಉಪಾಯ, ಕೆಟ್ಟ ಎಳೆಗಳನ್ನು ಬೆಸೆಯುವುದಲ್ಲ.

ಜೀವ ಉಳಿಸಿದ ಸಂಶೋಧನೆ

ಮೊದಲ ಮಹಾಯುದ್ಧದ ಕಾಲದಲ್ಲಿ ಹೀಗೆ ಪೆಟ್ಟಾದವರಲ್ಲಿ ಬಹುಪಾಲು ಜನ ಬೇಗನೆ ಸಾಯುತ್ತಿದ್ದರು. ಕೊಲ್ಲುತ್ತಿದ್ದುದು ಹಾಸಿಗೆ ಹುಣ್ಣು ಮತ್ತು ಮೂತ್ರದ ಸೋಂಕು. 1944ರಲ್ಲಿ ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್‌ನಲ್ಲಿ ಡಾ. ಲುಡ್ವಿಗ್ ಗುಟ್‌ಮನ್ ಹಗಲುರಾತ್ರಿ ಎರಡು ಗಂಟೆಗೊಮ್ಮೆ ರೋಗಿಯ ಮಗ್ಗುಲು ಬದಲಿಸುವ ನಿಯಮ ತಂದರು. ಸಾವು ಇಳಿಯಿತು. 1972ರಲ್ಲಿ ಅಮೆರಿಕದ ಡಾ. ಜ್ಯಾಕ್ ಲ್ಯಾಪಿಡಿಸ್, ಶುದ್ಧ ನಳಿಕೆಯಿಂದ ದಿನಕ್ಕೆ ಕೆಲವು ಸಲ ಮೂತ್ರ ತೆಗೆದರೆ ಮೂತ್ರಪಿಂಡ ಉಳಿಯುತ್ತದೆಂದು ತೋರಿಸಿದರು. ಇವೆರಡೂ ಮನೆಯವರ ಕೈಯಲ್ಲಿರುವ ವಿದ್ಯೆಗಳು.

ನಮ್ಮ ನಾಡಿನಲ್ಲೂ ದೊಡ್ಡ ಸಾಕ್ಷಿಯಿದೆ. ವೆಲ್ಲೂರಿನ ವೈದ್ಯೆ ಡಾ. ಮೇರಿ ವರ್ಗೀಸ್ 1954ರ ವಾಹನ ಅಪಘಾತದಲ್ಲಿ ಸೊಂಟದ ಕೆಳಗೆ ಸ್ವಾಧೀನ ಕಳೆದುಕೊಂಡರು. ಗಾಲಿಕುರ್ಚಿಯಲ್ಲೇ ಕುಳಿತು ಕುಷ್ಠರೋಗಿಗಳ ಕೈಗಳಿಗೆ ಶಸ್ತ್ರಚಿಕಿತ್ಸೆ ಮಾಡಿದರು. ಇಂಥವರನ್ನು ಒಳರೋಗಿಗಳಾಗಿ ಇಟ್ಟುಕೊಂಡು ತರಬೇತಿ ಕೊಡುವ ಪುನರ್ವಸತಿ ಕೇಂದ್ರ 1966ರಲ್ಲಿ ಅವರ ಶ್ರಮದಿಂದ ವೆಲ್ಲೂರಿನಲ್ಲಿ ತೆರೆಯಿತು. ಅವರು ಮತ್ತೆ ನಡೆಯಲಿಲ್ಲ. ಸಾವಿರಾರು ಜನರ ಬದುಕು ನಡೆಯುವಂತೆ ಮಾಡಿದರು.

ಮನೆಯವರು ಮಾಡಬೇಕಾದದ್ದು

ಮಲಗಿದ್ದರೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ. ಕುಳಿತಿದ್ದರೆ ಹದಿನೈದು ಇಪ್ಪತ್ತು ನಿಮಿಷಕ್ಕೊಮ್ಮೆ ಕೈಯೂರಿ ಮೈ ಎತ್ತಲು ಹೇಳಿ. ದಿನವೂ ಸೊಂಟ, ಪೃಷ್ಠ, ಹಿಮ್ಮಡಿ ನೋಡಿ; ಚರ್ಮ ಕೆಂಪಾಗಿ ಮಾಸದಿದ್ದರೆ ಆ ಭಾಗದ ಮೇಲೆ ಭಾರ ಬೇಡ. ಸ್ಪರ್ಶಜ್ಞಾನ ಇಲ್ಲದವರಿಗೆ ಬಿಸಿನೀರು, ಕಾದ ಬಂಡೆ ಸುಟ್ಟರೂ ತಿಳಿಯದು. ನಳಿಕೆ ಹಾಕುವ ಕ್ರಮವನ್ನು ಆಸ್ಪತ್ರೆ ಬಿಡುವ ಮೊದಲೇ ನರ್ಸಮ್ಮನಿಂದ ಕಲಿಯಿರಿ.

ಎದೆಯ ಮೇಲ್ಭಾಗ ಅಥವಾ ಕುತ್ತಿಗೆಯಲ್ಲಿ ಪೆಟ್ಟಾದವರಿಗೆ ಥಟ್ಟನೆ ತಲೆ ಸಿಡಿಯುವಂತೆ ನೋವು, ಮುಖ ಕೆಂಪು, ಬೆವರು ಬಂದರೆ ರಕ್ತದೊತ್ತಡ ಅಪಾಯದ ಮಟ್ಟಕ್ಕೆ ಏರಿದೆ ಎಂದರ್ಥ. ತಕ್ಷಣ ಎಬ್ಬಿಸಿ ಕೂರಿಸಿ, ಬಿಗಿ ಬಟ್ಟೆ ಸಡಿಲಿಸಿ, ಮೂತ್ರ ಕಟ್ಟಿದ್ದರೆ ತೆಗೆಯಿರಿ. ಇಳಿಯದಿದ್ದರೆ ಆಸ್ಪತ್ರೆಗೆ ಓಡಿ.

ತರಬೇತಿಗೆ ವೆಲ್ಲೂರಲ್ಲದೆ ಬೆಂಗಳೂರಿನ ಸೇಂಟ್ ಜಾನ್ಸ್ ಆಸ್ಪತ್ರೆ, ನಿಮ್ಹಾನ್ಸ್ ಇವೆ. 1959ರಲ್ಲಿ ಸ್ಥಾಪನೆಯಾದ ಬೆಂಗಳೂರಿನ ಅಂಗವಿಕಲರ ಸಂಸ್ಥೆ ಎ.ಪಿ.ಡಿ. ಕೂಡ ಬೆನ್ನುಹುರಿ ಪೆಟ್ಟಾದವರಿಗಾಗಿ ಕೆಲಸ ಮಾಡುತ್ತಿದೆ. ಅಂಗವಿಕಲತೆಯ ಪ್ರಮಾಣಪತ್ರ ಮಾಡಿಸಿ. ಪಿಂಚಣಿಗೆ ಅದೇ ಆಧಾರ. ತೆಲಂಗಾಣದಲ್ಲಿ 2023ರಲ್ಲಿ ಈ ಪಿಂಚಣಿ ತಿಂಗಳಿಗೆ 4,016 ರೂಪಾಯಿಗೆ ಏರಿತು.

ಹಾಗಾದರೆ ಎರಡು ಎಕರೆ? ಮಾರಬೇಡಿ ಎಂದೇ ನಮ್ಮ ಉತ್ತರ. ಇರುವ ಹಣದಲ್ಲಿ ಒಳ್ಳೆಯ ಗಾಲಿಕುರ್ಚಿ, ಹುಣ್ಣು ತಡೆಯುವ ಹಾಸಿಗೆ, ಹೊಸ್ತಿಲಿಗೆ ಇಳಿಜಾರು, ಕುಳಿತು ಮಾಡುವ ಒಂದು ಕಸುಬು ಬರಲಿ. ಇನ್ನೊಂದು ಮಾತು ನೆರೆಹೊರೆಯವರಿಗೆ. ರಾತ್ರಿಯಿಡೀ ಎದ್ದೆದ್ದು ಮಗ್ಗುಲು ಬದಲಿಸುವ ತಾಯಿಗೆ, ಹೆಂಡತಿಗೆ ಬೆಳಗ್ಗೆ ಕೂಲಿಯೂ ಇರುತ್ತದೆ. ವಾರಕ್ಕೊಂದು ರಾತ್ರಿ ಒಂದೊಂದು ಮನೆಯವರು ಆ ಪಾಳಿ ಹೊತ್ತರೆ ಅವರಿಗೂ ನಿದ್ದೆ ಸಿಗುತ್ತದೆ. ಪಾಳಿಗೆ ಬರುವವರು ಹೆಸರು ಕೊಡಿ, ಪಟ್ಟಿಯನ್ನು ನಾವು ಮಾಡುತ್ತೇವೆ.