ನವಾಹೊ ಬೆಳ್ಳಿ ಬಕಲು: ತಂತ್ರ, ರೂಪ ಮತ್ತು ಸ್ವಂತಿಕೆಯ ಪ್ರಶ್ನೆ

ಕರ್ನಾಟಕದ ಜನಪದ ಆಭರಣಗಳಲ್ಲಿ ಉಡಿದಾರ, ಡಾಬುಗಳ ಸ್ಥಾನ ಸುಪರಿಚಿತ. ಸೊಂಟಕ್ಕೆ ಧರಿಸುವ ಈ ಬೆಳ್ಳಿ ಅಲಂಕಾರವೂ ಹೌದು, ಆಪತ್ತಿಗೆ ಒದಗುವ ಆಸ್ತಿಯೂ ಹೌದು. ಇಂಥದೇ ಬಾಳನ್ನು ಬಾಳಿದ ಇನ್ನೊಂದು ವಸ್ತು ಅಮೆರಿಕ ಸಂಯುಕ್ತ ಸಂಸ್ಥಾನದ ನೈಋತ್ಯ ಭಾಗದಲ್ಲಿ ನೆಲೆಸಿರುವ ನವಾಹೊ ಬುಡಕಟ್ಟಿನ ತೊಗಲ ಸೊಂಟಪಟ್ಟಿ ಮತ್ತು ಅದರ ಬೆಳ್ಳಿ ಬಕಲು. ಒಂದು ಕಲೆ ‘ದೇಸಿ’ ಎನಿಸಿಕೊಳ್ಳಬೇಕಾದರೆ ಅದರ ಮೂಲವೂ ದೇಸಿಯೇ ಆಗಿರಬೇಕೆ ಎಂಬ, ಜಾನಪದ ಅಧ್ಯಯನವನ್ನು ಬಹುಕಾಲದಿಂದ ಕಾಡಿರುವ ಪ್ರಶ್ನೆಗೆ ಈ ಬಕಲಿನಲ್ಲಿ ಒಂದು ಉತ್ತರ ದೊರೆಯುತ್ತದೆ.

ನವಾಹೊ ಭಾಷೆಯಲ್ಲಿ ಬೆಳ್ಳಿಗೆ ‘ಬಿಳಿಯ ಲೋಹ’ ಎಂಬರ್ಥದ ಹೆಸರಿದೆ. ಕನ್ನಡದ ‘ಬೆಳ್ಳಿ’ ಶಬ್ದವೂ ಬಿಳುಪಿನಿಂದಲೇ ಹುಟ್ಟಿದೆ. ಆದರೆ ಲೋಹಗೆಲಸ ನವಾಹೊಗಳಿಗೆ ಬಂದದ್ದು ಹೊರಗಿನಿಂದ. ‘ಮುದಿ ಕಮ್ಮಾರ’ ಎಂಬ ಅರ್ಥದ ಹೆಸರಿನಿಂದ ಪ್ರಸಿದ್ಧನಾದ ಅತ್ಸಿದಿ ಸಾನಿ ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದಲ್ಲಿ ಮೆಕ್ಸಿಕನ್ ಕಮ್ಮಾರನಿಂದ ಕಬ್ಬಿಣದ ಕೆಲಸ ಕಲಿತನೆಂಬುದು ಪರಂಪರೆಯ ನಿರೂಪಣೆ. 1864ರಲ್ಲಿ ಅಮೆರಿಕದ ಸೈನ್ಯವು ಸಾವಿರಾರು ನವಾಹೊಗಳನ್ನು ತಾಯ್ನೆಲದಿಂದ ಎಬ್ಬಿಸಿ, ಕಾಲ್ನಡಿಗೆಯಲ್ಲಿ ಬೊಸ್ಕ್ ರೆಡಾಂಡೊ ಶಿಬಿರಕ್ಕೆ ಸಾಗಿಸಿತು. 1868ರ ಒಪ್ಪಂದದ ಬಳಿಕ ಅವರು ಮರಳಿದರು. ಬೆಳ್ಳಿಯ ಕಸುಬು ವ್ಯಾಪಕವಾಗಿ ಬೆಳೆದದ್ದು ಈ ಮರಳುವಿಕೆಯ ನಂತರವೇ. ಅದಕ್ಕೆ ಬೇಕಾದ ಬೆಳ್ಳಿ ಒದಗಿದ್ದು ಅಮೆರಿಕದ ಡಾಲರ್ ಮತ್ತು ಮೆಕ್ಸಿಕೊದ ಪೆಸೊ ನಾಣ್ಯಗಳಿಂದ. ಗೆದ್ದವರ ನಾಣ್ಯ ಸೋತವರ ಮೂಸೆಯಲ್ಲಿ ಕರಗಿ ಆಭರಣವಾಯಿತು.

ಫೋರ್ಟ್ ವಿಂಗೇಟ್‌ನಲ್ಲಿ ಸೇನಾ ವೈದ್ಯನಾಗಿದ್ದ ವಾಷಿಂಗ್ಟನ್ ಮ್ಯಾಥ್ಯೂಸ್ ಈ ಕಸುಬನ್ನು ಕಣ್ಣಾರೆ ಕಂಡು ಬರೆದ ಪ್ರಬಂಧ 1883ರಲ್ಲಿ ಪ್ರಕಟವಾಯಿತು. ಮೇಕೆಯ ತೊಗಲಿನ ತಿದಿ, ಇದ್ದಿಲ ಕುಲುಮೆ, ಮಣ್ಣಿನ ಮೂಸೆ, ಹಿತ್ತಾಳೆಯ ಊದುಗೊಳವೆ, ಅಡಿಗಲ್ಲಿನ ಬದಲಿಗೆ ಸಿಕ್ಕ ಕಬ್ಬಿಣದ ತುಂಡು — ಇಷ್ಟೇ ಸಲಕರಣೆ. ನಮ್ಮ ಅಕ್ಕಸಾಲಿಗರ ಸಾಲೆಗೆ ಇದಾವುದೂ ಅಪರಿಚಿತವಲ್ಲ.

ಬಕಲಿನ ತಯಾರಿಕೆಯಲ್ಲಿ ಎರಡು ವಿಧಾನಗಳಿವೆ. ಮೊದಲನೆಯದು ಬಡಿಗೆಯ ಕೆಲಸ. ಕರಗಿಸಿ ಗಟ್ಟಿ ಮಾಡಿದ ಬೆಳ್ಳಿಯನ್ನು ಸುತ್ತಿಗೆಯಿಂದ ತಗಡಾಗಿಸುತ್ತಾರೆ. ಬಡಿದಷ್ಟೂ ಬೆಳ್ಳಿ ಬಿರುಸಾಗಿ ಬಿರುಕುಬಿಡುವುದರಿಂದ ನಡುನಡುವೆ ಕಾಯಿಸಿ ಮೆದುಗೊಳಿಸಬೇಕು. ಅನಂತರ ಉಕ್ಕಿನ ಅಚ್ಚುಗಳಿಂದ ಚಿತ್ತಾರ ಒತ್ತುತ್ತಾರೆ. ಈ ಅಚ್ಚುಗಳ ವಿನ್ಯಾಸಗಳಲ್ಲಿ ಅನೇಕವು ಮೆಕ್ಸಿಕನ್ನರು ಜೀನಿನ ತೊಗಲಿನ ಮೇಲೆ ಒತ್ತುತ್ತಿದ್ದ ಮುದ್ರೆಗಳಿಂದ ಬಂದವು. ತೊಗಲಿನ ಅಲಂಕಾರ ಬೆಳ್ಳಿಗೆ ಏರಿ, ಆ ಬೆಳ್ಳಿ ಮತ್ತೆ ತೊಗಲ ಪಟ್ಟಿಯನ್ನೇ ಸೇರಿದ್ದು ಗಮನಾರ್ಹ.

ಎರಡನೆಯದು ಎರಕದ ಕೆಲಸ. ಜ್ವಾಲಾಮುಖಿಯ ಬೂದಿ ಹೆಪ್ಪುಗಟ್ಟಿ ಉಂಟಾದ ಟೂಫಾ ಎಂಬ ಮೆದುಗಲ್ಲಿನ ಎರಡು ಹಲಗೆಗಳನ್ನು ಸಮತಟ್ಟಾಗಿ ಉಜ್ಜಿ, ಒಂದರಲ್ಲಿ ಬಕಲಿನ ಆಕಾರವನ್ನೂ ಲೋಹ ಹರಿಯುವ ಕಾಲುವೆಯನ್ನೂ ಗಾಳಿ ಹೊರಹೋಗುವ ಗೀರುಗಳನ್ನೂ ಕೊರೆಯುತ್ತಾರೆ. ಬೆಳ್ಳಿ ಅಂಟದಂತೆ ಒಳಮೈಗೆ ಹೊಗೆಯ ಮಸಿ ಹಿಡಿಸಿ, ಹಲಗೆಗಳನ್ನು ಬಿಗಿದು ಕಟ್ಟಿ, ಕರಗಿದ ಬೆಳ್ಳಿ ಸುರಿಯುತ್ತಾರೆ. ಹೊರತೆಗೆದ ತುಂಡಿಗೆ ಅರ ಹಾಕಿ, ಸೊಂಟದ ಬಾಗಿಗೆ ಹೊಂದುವಂತೆ ಬಗ್ಗಿಸಿ, ತೊಗಲು ಕೂರುವ ಅಡ್ಡಕಡ್ಡಿಗೆ ಮುಳ್ಳನ್ನು ಜೋಡಿಸಿ ಮೆರುಗು ಕೊಡುತ್ತಾರೆ.

ತಂತ್ರ ಬದಲಾದಂತೆ ರೂಪ ಬದಲಾಯಿತೆಂಬುದಕ್ಕೆ ಪಟ್ಟಿಯ ಬಿಲ್ಲೆಗಳೇ ಸಾಕ್ಷಿ. ಚಿಪ್ಪು ಎಂಬರ್ಥದ ಸ್ಪ್ಯಾನಿಷ್ ಪದದಿಂದ ಇವುಗಳಿಗೆ ‘ಕಾಂಚೊ’ ಎಂಬ ಹೆಸರು ಬಂದಿದೆ. ಮೊದಮೊದಲ ಬಿಲ್ಲೆಗಳ ನಡುವೆ ವಜ್ರಾಕೃತಿಯ ಕಿಂಡಿ, ಅದಕ್ಕೊಂದು ಅಡ್ಡಪಟ್ಟಿ. ತೊಗಲು ಅದರ ಮೂಲಕವೇ ಹಾಯುತ್ತಿತ್ತು. ಬೆಸುಗೆಯ ಕೌಶಲ ಕೈಗೂಡಿದಾಗ ಬಿಲ್ಲೆಯ ಬೆನ್ನಿಗೆ ತಾಮ್ರದ ಕುಣಿಕೆ ಬೆಸೆಯುವುದು ಸಾಧ್ಯವಾಯಿತು. ಕಿಂಡಿ ಮುಚ್ಚಿತು; ಇಡೀ ಮುಖ ಚಿತ್ತಾರಕ್ಕೆ ತೆರವಾಯಿತು. ಬಕಲೂ ಇದೇ ದಾರಿ ಹಿಡಿಯಿತು. ಕುದುರೆ ಸರಂಜಾಮಿನ ಕೊಂಡಿಯನ್ನು ಹೋಲುತ್ತಿದ್ದ ಸರಳ ಚೌಕಟ್ಟು ಕ್ರಮೇಣ ಹಿರಿದಾಗಿ, ವೈಡೂರ್ಯದ ಹರಳುಗಳನ್ನು ಧರಿಸಿ, ಪಟ್ಟಿಯ ಮುಖ್ಯ ಆಭರಣವೇ ಆಯಿತು.

ಈ ಪಟ್ಟಿಗಳು ಧರಿಸುವ ಉಳಿತಾಯವೂ ಆಗಿದ್ದವು. ಉಣ್ಣೆ ಮತ್ತು ಕುರಿಮರಿಗಳ ಮಾರಾಟದ ಕಾಲ ಬರುವವರೆಗೆ ವ್ಯಾಪಾರಿಯ ಅಂಗಡಿಯಲ್ಲಿ ಅವನ್ನು ಅಡವಿಟ್ಟು ದಿನಸಿ ತರುವುದು ರೂಢಿ. 1899ರಲ್ಲಿ ಫ್ರೆಡ್ ಹಾರ್ವೆ ಕಂಪನಿ ರೈಲು ಪ್ರವಾಸಿಗರಿಗಾಗಿ ಹಗುರ ಒಡವೆಗಳನ್ನು ಮಾಡಿಸತೊಡಗಿದ ಮೇಲೆ ಮಾರುಕಟ್ಟೆ ಹಿಗ್ಗಿತು. ಅದರ ಬೆನ್ನಿಗೇ ಯಂತ್ರದ ನಕಲುಗಳೂ ಬಂದವು. ಕಸುಬುದಾರನ ದಿನಗಳ ದುಡಿಮೆ ಯಂತ್ರದ ಕ್ಷಣದ ಹೊಡೆತದೊಡನೆ ಬೆಲೆಯಲ್ಲಿ ಸೆಣಸಬೇಕಾಯಿತು. 1935ರಲ್ಲಿ ಇಂಡಿಯನ್ ಕಲೆ ಮತ್ತು ಕರಕುಶಲ ಮಂಡಳಿ ರಚನೆಯಾಯಿತು. 1941ರಲ್ಲಿ ನವಾಹೊಗಳದೇ ಕುಶಲಕರ್ಮಿ ಸಂಘ ಸ್ಥಾಪನೆಯಾಯಿತು. ಬುಡಕಟ್ಟಿನವರು ಮಾಡದ ವಸ್ತುವನ್ನು ಅವರದೆಂದು ಮಾರುವುದಕ್ಕಿದ್ದ ಶಿಕ್ಷೆಯನ್ನು 1990ರ ಕಾಯಿದೆ ಕಠಿಣಗೊಳಿಸಿತು.

ಈ ಕಾಯಿದೆ ಕೇಳುವುದು ವಿನ್ಯಾಸ ಎಲ್ಲಿಂದ ಬಂತೆಂದಲ್ಲ, ಮಾಡಿದವರು ಯಾರೆಂದು ಎಂಬುದನ್ನು ಇಲ್ಲಿ ಗಮನಿಸಬೇಕು. ನವಾಹೊ ಬಕಲಿನಲ್ಲಿ ಲೋಹ, ಅಚ್ಚು, ಬಿಲ್ಲೆಯ ಹೆಸರು ಎಲ್ಲವೂ ಎರವಲು. ಆದರೂ ಅದು ನವಾಹೊ ಎಂಬುದರಲ್ಲಿ ಸಂದೇಹವಿಲ್ಲ. ಏಕೆಂದರೆ ಎರವಲನ್ನು ತಮ್ಮ ಕೈಗೆ, ತಮ್ಮ ಅಗತ್ಯಕ್ಕೆ ಒಗ್ಗಿಸಿಕೊಂಡವರು ಅವರೇ. ಜನಪದ ಕಸುಬುಗಳ ಶುದ್ಧ ಮೂಲವನ್ನು ಹುಡುಕುವ ಅಧ್ಯಯನಗಳು ಈ ಕೈಗಳನ್ನೂ, ಅವುಗಳ ದುಡಿಮೆಗೆ ಸಲ್ಲಬೇಕಾದ ಬೆಲೆಯನ್ನೂ ಮರೆಯಬಾರದು.